ಬೆಕ್ಕಿನ ಮನೆಯ ಜ್ಞಾನತಾಯಿ

ಗಾಬರಿ ಬೀಳುವುದರಲ್ಲಿ ನನ್ನನ್ನು ಮೀರಿಸುವವರು ಮಲ್ಲೇಶ್ವರದಲ್ಲಿ ಇರಲಾರರು. ಕುಕ್ಕರು ಕೂಗಿದರೆ ಗಾಬರಿ, ಕೂಗದಿದ್ದರೆ ಇನ್ನೂ ಗಾಬರಿ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಡಿದುಕೊಂಡರೆ ಕೈಯಲ್ಲಿರುವ ಸೌಟು ನೆಲದ ಮೇಲೆ. ನಮ್ಮ ಯಜಮಾನರು ಇದಕ್ಕೆ ಒಗ್ಗಿಹೋಗಿ, ಗೇಟು ತೆಗೆಯುವಾಗ ಒಂದು ಸಲ ಕೆಮ್ಮಿ, ಚಪ್ಪಲಿ ಬಿಡುವಾಗ ಇನ್ನೊಂದು ಸಲ ಕೆಮ್ಮಿ, ಆಮೇಲೆ ಒಳಗೆ ಕಾಲಿಡುತ್ತಾರೆ. ಅವರಿಗೆ ದಮ್ಮಿನ ಕಾಯಿಲೆ ಇದೆ ಎಂದು ಪಕ್ಕದ ಮನೆಯವರು ಬಹಳ ವರ್ಷ ನಂಬಿದ್ದರು.

ಇಷ್ಟು ತಾಲೀಮು ಇದ್ದವಳಿಗೂ, ತೊಂಬತ್ತರ ದಶಕದ ನಡುವಿನ ಒಂದು ಸಂಜೆ ಬಿದ್ದ ಗಾಬರಿಯೇ ಬೇರೆ. ನನ್ನ ಗೆಳತಿ ಫಿಲೋಮಿನಾ ತನ್ನ ಎಳೆಗೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡು, "ಅಲಮೇಲು, ನನ್ನ ಮಗೂಗೆ ನೀನೇ ಜ್ಞಾನತಾಯಿ ಆಗ್ಬೇಕು" ಅಂದಳು. ನಾನು ಮಾಡಿದ ಮೊದಲ ಕೆಲಸವೆಂದರೆ ಹಿಂದಕ್ಕೆ ತಿರುಗಿ ನೋಡಿದ್ದು, ಅಲಮೇಲು ಎಂಬ ಬೇರೆ ಯಾರಾದರೂ ಬಂದು ನಿಂತಿದ್ದಾರೋ ಎಂದು. ಚಾಮರಾಜಪೇಟೆಯ ಆ ಓಣಿಯ ಮನೆಯಲ್ಲಿ, ಗೋಡೆಯ ಮೇಲಿನ ಏಸುವಿನ ಪಟದ ಎದುರಿಗೆ, ಆ ಹೆಸರಿನವರು ಇನ್ನೊಬ್ಬರು ಇರುವ ಸಂಭವವೇ ಇರಲಿಲ್ಲ.

ಫಿಲೋಮಿನಾ ಮತ್ತು ನಾನು ಒಂದೇ ವಿಮಾ ಕಚೇರಿಯಲ್ಲಿ ಅಕ್ಕಪಕ್ಕದ ಮೇಜಿನವರು. ಅವಳು ಚಾಮರಾಜಪೇಟೆಯಲ್ಲೇ ಹುಟ್ಟಿ ಬೆಳೆದ ಕನ್ನಡದ ಕ್ಯಾಥೊಲಿಕ್ ಹೆಣ್ಣು. ನಮ್ಮ ಅಯ್ಯಂಗಾರರ ಮನೆಯ ಅರ್ಧ ತಮಿಳಿನ ಕನ್ನಡಕ್ಕಿಂತ ಅವಳ ಕನ್ನಡವೇ ಶುದ್ಧ. ಸೇರಿದ ಹೊಸದರಲ್ಲಿ ನಾವಿಬ್ಬರೂ ಊಟಕ್ಕೆ ಕೂತಾಗ ನನ್ನ ಡಬ್ಬಿಗೂ ಅವಳ ಡಬ್ಬಿಗೂ ನಡುವೆ ನಾನು ಒಂದು ದಪ್ಪ ಫೈಲನ್ನು ಅಡ್ಡ ನಿಲ್ಲಿಸುತ್ತಿದ್ದೆ. ಅವಳ ಡಬ್ಬಿಯಲ್ಲಿ ಮೊಟ್ಟೆ ಇರಬಹುದಲ್ಲ. ಕೆಲವು ವರ್ಷಗಳ ಮೇಲೆ ಅವಳೇ ನನಗಾಗಿ ಆ ಫೈಲನ್ನು ನಿಲ್ಲಿಸತೊಡಗಿದಳು, ನಾನು ಅದರ ಮೇಲಿಂದ ಕೈ ಚಾಚಿ ಅವಳಿಗೆ ಪುಳಿಯೋಗರೆ ಬಡಿಸತೊಡಗಿದೆ. ಸ್ನೇಹ ಬೆಳೆದದ್ದು ಹೀಗೆ, ಫೈಲಿನ ಮೇಲಿಂದಲೇ.

ಅವಳಿಗೆ ಮದುವೆಯಾದದ್ದು ತಡ, ಬಸುರಾದದ್ದು ಇನ್ನೂ ತಡ. ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಎಂದುಬಿಟ್ಟಿದ್ದರು. ಅಷ್ಟೂ ತಿಂಗಳು ನಾನು ಆಫೀಸು ಬಿಟ್ಟವಳು ಅವಳ ಮನೆಗೆ ಹೋಗಿ, ಕಾಲು ಚಾಚಿ ಕೂತು ಆಫೀಸಿನ ಪುಕಾರುಗಳನ್ನೆಲ್ಲ ಒಪ್ಪಿಸಿ, ಅವಳನ್ನು ನಗಿಸಿ, ಆಮೇಲೆ ಮಲ್ಲೇಶ್ವರದ ಬಸ್ಸು ಹಿಡಿಯುತ್ತಿದ್ದೆ. ಹೆಣ್ಣು ಮಗು ಹುಟ್ಟಿತು. ನೋಡಲು ಹೋದೆ. ಹೋದವಳು ಕೋಣೆಯ ಬಾಗಿಲಲ್ಲೇ ನಿಂತೆ, ಎಂದಿನಂತೆ.

ಈ 'ಎಂದಿನಂತೆ' ಏನು ಎಂದು ಹೇಳಿಬಿಡಬೇಕು. ನನಗೆ ಮಕ್ಕಳಿಲ್ಲ. ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಮುತ್ತೈದೆಯರು ಸುತ್ತ ನಿಂತು, ತೊಟ್ಟಿಲ ಕೆಳಗಿನಿಂದ ಮಗುವನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುತ್ತಾರೆ. ಮಕ್ಕಳೊಂದಿಗರಾದ ಮುತ್ತೈದೆಯರು. ಯಾರೂ ನನ್ನನ್ನು ಬೇಡ ಎಂದವರಲ್ಲ. ಅಷ್ಟು ಕೆಟ್ಟವರು ನಮ್ಮ ಕಡೆ ಇಲ್ಲ. ಸರಿಯಾಗಿ ಆ ಹೊತ್ತಿಗೆ, "ಅಲಮೇಲು, ಒಂಚೂರು ಕಾಫಿ ಡಿಕಾಕ್ಷನ್ ನೋಡ್ತೀಯಾ" ಎಂದು ಯಾರಾದರೂ ಪ್ರೀತಿಯಿಂದಲೇ ಕರೆಯುತ್ತಿದ್ದರು. ಮೊದಮೊದಲು ಹೋಗಿ ಡಿಕಾಕ್ಷನ್ ನೋಡುತ್ತಿದ್ದೆ. ಆಮೇಲೆ ಕರೆಯುವ ಮೊದಲೇ ಅಡುಗೆಮನೆಗೆ ಹೋಗಿ ನಿಂತಿರುತ್ತಿದ್ದೆ. ನೋವಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಕಾಫಿ ಸೋಸುತ್ತ ಕಣ್ಣೊರೆಸಿಕೊಂಡದ್ದೂ ಉಂಟು. ಮಲ್ಲೇಶ್ವರದ ನಮ್ಮ ಬಳಗದಲ್ಲಿ ನನ್ನ ಕೈಕಾಫಿಗೆ ಇಷ್ಟು ಒಳ್ಳೆಯ ಹೆಸರು ಬಂದದ್ದು ಹಾಗೆ.

ಇಂಥವಳನ್ನು ಕರೆದು ತಾಯಿ ಆಗು ಅನ್ನುತ್ತಾಳೆ. ಅದೂ ಜ್ಞಾನತಾಯಿ.

"ಅಂದ್ರೆ ಏನ್ ಮಾಡ್ಬೇಕೇ?" ಅಂದೆ, ಬಾಗಿಲಿಂದಲೇ.

"ಜ್ಞಾನಸ್ನಾನ, ಅದೇ ಚರ್ಚಲ್ಲಿ ನೀರು ಹೊಯ್ದು ಹೆಸರಿಡ್ತಾರಲ್ಲ, ಆ ದಿವ್ಸ ಮಗೂನ ಎತ್ಕೊಂಡು ನಿಲ್ಬೇಕು. ನಾಳೆ ನಾನಿಲ್ದೇ ಹೋದ್ರೆ ನೋಡ್ಕೋತೀನಿ ಅಂತ ದೇವರ ಮುಂದೆ ಒಪ್ಕೋಬೇಕು."

"ನೀನ್ಯಾಕೆ ಇಲ್ದೇ ಹೋಗ್ತೀಯ?" ಎಂದು ಇನ್ನೊಂದು ಗಾಬರಿ ನನಗೆ.

"ಥೂ, ಮಾತಿಗೆ ಹೇಳ್ದೆ ಕಣೇ. ಯೋಚ್ನೆ ಮಾಡಿ ಹೇಳು. ಬೇಡ ಮಾತ್ರ ಅನ್ಬೇಡ."

ಬಸ್ಸಿನಲ್ಲಿ ಕೂತು ಯೋಚಿಸಿದೆ. ಜ್ಞಾನತಾಯಿ ಎಂದರೆ ಇಂಗ್ಲಿಷಿನವರ ಗಾಡ್‌ಮದರ್ ಇರಬೇಕು. ಗಾಡ್‌ಫಾದರ್ ಎಂಬ ಮಾತು ನಮ್ಮ ಆಫೀಸಿನಲ್ಲಿ ದಿನಬೆಳಗಾದರೆ ಕೇಳುವಂಥದು. ವಿಧಾನಸೌಧದಲ್ಲೊಬ್ಬ ಗಾಡ್‌ಫಾದರ್ ಇದ್ದರೆ ಬೆಂಗಳೂರು ಬಿಟ್ಟು ವರ್ಗವಾಗುವುದಿಲ್ಲ ಎಂಬಲ್ಲಿಗೆ ಆ ಪದದ ಬಗ್ಗೆ ನನ್ನ ಪಾಂಡಿತ್ಯ ಮುಗಿಯುತ್ತಿತ್ತು. ಆ ಲೆಕ್ಕದಲ್ಲಿ ನನ್ನಿಂದ ಆ ಕೂಸಿಗೆ ಏನು ಉಪಯೋಗ? ನನ್ನ ವರ್ಗವನ್ನೇ ತಪ್ಪಿಸಿಕೊಳ್ಳಲಾರದವಳು ನಾನು.

ಮನೆಗೆ ಬಂದು ವಿಷಯ ಹೇಳಿದೆ. ನಮ್ಮ ಯಜಮಾನರು ಪೇಪರು ಮಡಿಸಿಟ್ಟರು. ಅದು ಅವರು ಗಂಭೀರವಾದರು ಎಂಬುದರ ಗುರುತು.

"ನೀನು ಕ್ರಿಶ್ಚಿಯನ್ ಆಗ್ಬೇಕಾ ಅದಕ್ಕೆ?"

"ಗೊತ್ತಿಲ್ಲ."

"ಕೇಳೋದಲ್ವಾ?"

"ಗಾಬರೀಲಿ ಮರ್ತೋಯ್ತು."

ನಮ್ಮತ್ತೆ ಜಪಮಣಿ ಹಿಡಿದು ಕೂತಿದ್ದರು. ಮಡಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನವರು. ಒಗೆದ ಸೀರೆಯನ್ನು ಕೋಲಿನಲ್ಲಿ ಒಣಹಾಕಿ ಕೋಲಿನಲ್ಲೇ ತೆಗೆಯುವವರು. ಅವರು ಏನನ್ನುತ್ತಾರೋ ಎಂದು ನಾನು ಬಾಗಿಲಿಗೆ ಅಂಟಿಕೊಂಡು ನಿಂತೆ. ಅವರು ಜಪ ನಿಲ್ಲಿಸಿ ಕೇಳಿದ್ದು ಇಷ್ಟೇ: "ಅವರಲ್ಲಿ ಅರಿಶಿನ ಕುಂಕುಮ ಕೊಡ್ತಾರಾ?" ಕೊಡುವುದಿಲ್ಲ ಎಂದೆ. "ಮತ್ತೆ ಅದೆಂಥ ಶುಭಕಾರ್ಯ" ಎಂದು ಮತ್ತೆ ಮಣಿ ಎಣಿಸತೊಡಗಿದರು. ಹೂಂ ಎಂದರೋ ಉಹೂಂ ಎಂದರೋ ತಿಳಿಯಲಿಲ್ಲ. ನನಗೇ ಆಗಬೇಕೋ ಬೇಡವೋ ಎಂಬುದೂ ತಿಳಿದಿರಲಿಲ್ಲ. ಒಂದು ಮನಸ್ಸು ಬೇಡ ಅನ್ನುತ್ತಿತ್ತು, ಇನ್ನೊಂದು ಮನಸ್ಸು ಆ ಕೂಸಿನ ಬೆರಳುಗಳನ್ನು ನೆನೆಯುತ್ತಿತ್ತು.

ಇಂಥ ಇಬ್ಬಂದಿಯಲ್ಲಿ ನನಗೆ ಬುದ್ಧಿ ಹೇಳಲು ಬಂದದ್ದು ಶಾಸ್ತ್ರವೂ ಅಲ್ಲ, ಹಿರಿಯರೂ ಅಲ್ಲ, ನಮ್ಮ ಹಿತ್ತಲಿನ ಬೆಕ್ಕು.

ನಮ್ಮ ಹಿತ್ತಲಿನಲ್ಲಿ ಬಚ್ಚಲಿಗೆ ಅಂಟಿಕೊಂಡು ಒಂದು ಸೌದೆ ಕೋಣೆ. ಗೀಸರು ಬಂದ ಮೇಲೆ ಸೌದೆ ಹೋಗಿ, ಹರಕು ಚಾಪೆ, ಮುರುಕು ಕುರ್ಚಿ, ಖಾಲಿ ಡಬ್ಬಗಳು ಅಲ್ಲಿ ಸಂಸಾರ ಹೂಡಿದ್ದವು. ಅವುಗಳ ಜೊತೆಗೆ ಎರಡು ಬೆಕ್ಕುಗಳು, ಒಂದೇ ಸೂಲಿನಲ್ಲಿ ಹುಟ್ಟಿದ ಅಕ್ಕತಂಗಿಯರು. ಮೈಯೆಲ್ಲ ಕಪ್ಪಾದ್ದರಿಂದ ಒಂದು ಕಪ್ಪಿ, ಒಲೆಯ ಬೂದಿಯ ಬಣ್ಣದ್ದಾದ್ದರಿಂದ ಇನ್ನೊಂದು ಬೂದಿ. ಅತ್ತೆ ಅವುಗಳನ್ನು ಕಂಡರೆ "ಹಚಾ, ಮೈಲಿಗೆ ಮುಂಡೇವು" ಎಂದು ಓಡಿಸುವರು. ಸಂಜೆ ತೆಂಗಿನ ಚಿಪ್ಪಿನಲ್ಲಿ ಹಾಲು ಇಡುವವರೂ ಅವರೇ. ಆ ದಿನಗಳಲ್ಲಿ ಕಪ್ಪಿ ಮರಿ ಹಾಕಿತ್ತು. ಬೂದಿ ಅಷ್ಟು ವರ್ಷವಾದರೂ ಒಮ್ಮೆಯೂ ಹಾಕಿರಲಿಲ್ಲ. ಅದರ ಬಗ್ಗೆ ನನಗೆ ಒಳಗೊಳಗೇ ಒಂದು ಬಂಧುತ್ವವಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದವಳು ಸೌದೆ ಕೋಣೆಯಲ್ಲಿ ಇಣುಕಿದೆ. ನೋಡುತ್ತೇನೆ, ಮರಿಗಳ ನಡುವೆ ಮಲಗಿರುವುದು ಕಪ್ಪಿಯಲ್ಲ, ಬೂದಿ. ಮರಿಗಳು ಅದರ ಹೊಟ್ಟೆಗೆ ಮೂತಿ ಒತ್ತಿಕೊಂಡು ಚೀಪುತ್ತಿವೆ. ಅದರಲ್ಲಿ ಹಾಲೆಲ್ಲಿ ಬರಬೇಕು? ಆದರೂ ಅವು ಚೀಪುತ್ತಿವೆ, ಇದು ಕಣ್ಣು ಮುಚ್ಚಿಕೊಂಡು ಒಂದೊಂದರ ತಲೆಯನ್ನೂ ನೆಕ್ಕುತ್ತಿದೆ. ನಾನು ಬಕೆಟ್ಟು ಕೆಳಗೆ ಹಾಕಿ, "ರೀ, ಬೂದಿ ಮಕ್ಕಳನ್ನ ಕದ್ದಿದೆ" ಎಂದು ಕೂಗಿದೆ. ಅವರು ಕೆಮ್ಮುವುದನ್ನೂ ಮರೆತು ಓಡಿಬಂದರು. ಕಪ್ಪಿ ಬಂದರೆ ಇನ್ನು ರಣರಂಗವೇ ಎಂದು ನಾವಿಬ್ಬರೂ ಉಸಿರು ಹಿಡಿದು ನಿಂತೆವು. ಕಪ್ಪಿ ಬಂತು. ನಿಂತು ನೋಡಿತು. ಬೂದಿಯ ಕಿವಿಯನ್ನೊಮ್ಮೆ ನೆಕ್ಕಿ, ಅದರ ಬೆನ್ನಿಗೆ ಬೆನ್ನು ಕೊಟ್ಟು ಬಿದ್ದುಕೊಂಡಿತು. ಮರಿಗಳಲ್ಲಿ ಎರಡು ಇತ್ತ ಉರುಳಿ ಬಂದವು, ಉಳಿದವು ಅಲ್ಲೇ ಇದ್ದವು. ಜಗಳ ನೋಡಲು ಬಂದ ನಮಗೆ ನಿರಾಸೆಯಾಗುವಷ್ಟು ಸಲೀಸಾಗಿ ಎಲ್ಲ ಮುಗಿದುಹೋಯಿತು.

ಅಂದಿನಿಂದ ನನಗೆ ಆಫೀಸಿಗೆ ಹೋಗುವುದೇ ಕಷ್ಟವಾಯಿತು. ಗಳಿಗೆಗೊಮ್ಮೆ ಸೌದೆ ಕೋಣೆ. ಬೀದಿಯ ಗಡವ ಬೆಕ್ಕೊಂದು ಮರಿಗಳ ವಾಸನೆ ಹಿಡಿದು ಕಾಂಪೌಂಡು ಹತ್ತಿದ ದಿನ ಕಪ್ಪಿ ಎಲ್ಲಿಗೋ ಇಲಿಗೆ ಹೋಗಿತ್ತು. ಬೂದಿ ಬಾಗಿಲಿಗೆ ಅಡ್ಡ ನಿಂತು, ಮೈಯ ರೋಮವನ್ನೆಲ್ಲ ಎತ್ತಿ, ಎಂದೂ ಕೇಳದ ದನಿಯಲ್ಲಿ ಗುರ್ರೆಂದಿತು. ಆ ಸಾಧುಪ್ರಾಣಿಯಲ್ಲಿ ಅಷ್ಟು ದನಿ ಎಲ್ಲಿತ್ತೋ. ಗಡವ ಬಂದ ದಾರಿಯಲ್ಲೇ ಹೋಯಿತು. ಆದರೂ ಜಾಗ ಸರಿಯಿಲ್ಲವೆಂದು ಅವಕ್ಕೆ ಅನ್ನಿಸಿರಬೇಕು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎನ್ನುತ್ತಾರಲ್ಲ, ಆ ತಿರುಗಾಟ ಮಾರನೆಯ ದಿನವೇ ಶುರುವಾಯಿತು. ಕಪ್ಪಿ ಒಂದು ಮರಿಯನ್ನು ಕತ್ತು ಕಚ್ಚಿ ಹಿಡಿದು ಗೋಡೆ ದಾಟಿತು. ಹಿಂದೆಯೇ ಬೂದಿ ಇನ್ನೊಂದನ್ನು ಹಿಡಿದು ದಾಟಿತು. ಯಾರೂ ಅದನ್ನು ಕರೆದಿರಲಿಲ್ಲ. ಅದು ಕರೆಗೆ ಕಾಯಲೂ ಇಲ್ಲ. ನಾನು ಹಿತ್ತಲಿನ ಕಲ್ಲಿನ ಮೇಲೆ ಕೂತು ನೋಡುತ್ತಲೇ ಇದ್ದೆ, ಅಂದು ಆಫೀಸಿಗೆ ತಡವಾಗಿ ಹೋದೆ.

ಇಲ್ಲಿ ಒಂದು ಶಾಸ್ತ್ರದ ಮಾತು ಬರುತ್ತದೆ, ಬೇಸರಪಡಬಾರದು. ಅಯ್ಯಂಗಾರರಲ್ಲಿ ಎರಡು ಪಂಗಡ, ತೆಂಗಲೆ ಮತ್ತು ವಡಗಲೆ. ದೇವರು ಜೀವಿಯನ್ನು ಕಾಪಾಡುವ ಬಗೆ ಹೇಗೆ ಎಂಬಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ. ತೆಂಗಲೆಯವರು ಬೆಕ್ಕನ್ನು ತೋರಿಸುತ್ತಾರೆ. ಮರಿ ಏನೂ ಮಾಡಬೇಕಾಗಿಲ್ಲ, ತಾಯಿಬೆಕ್ಕು ತಾನೇ ಕತ್ತು ಹಿಡಿದು ಸಾಗಿಸುತ್ತದೆ, ದೇವರೂ ಹಾಗೆ. ವಡಗಲೆಯವರು ಕೋತಿಯನ್ನು ತೋರಿಸುತ್ತಾರೆ. ಮರಿ ತಾಯಿಯ ಹೊಟ್ಟೆಯನ್ನು ಬಿಗಿಯಾಗಿ ಅಪ್ಪಿ ಹಿಡಿಯಬೇಕು, ಆ ಪ್ರಯತ್ನ ಜೀವಿಯದು. ನನ್ನ ತವರು ಬೆಕ್ಕಿನ ಪಕ್ಷ, ಅತ್ತೆಮನೆ ಕೋತಿಯ ಪಕ್ಷ. ನಮ್ಮ ಮದುವೆಯ ಮಾತುಕತೆ ಒಂದು ಹಂತದಲ್ಲಿ ನಿಂತೇಹೋಗಿತ್ತಂತೆ, ಹಣೆಯ ನಾಮಕ್ಕೆ ಮೂಗಿನ ಮೇಲೆ ಪಾದ ಇರಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲಿ. ಅಂಥ ಮನೆತನಗಳಲ್ಲಿ ಬೆಳೆದು ಬಾಳಿದವಳು ನಾನು. ತಲೆತಲಾಂತರದಿಂದ ಪಂಡಿತರು ಈ ಎರಡು ಪ್ರಾಣಿಗಳನ್ನು ಹಿಡಿದು ವಾದಿಸಿದ್ದಾರೆ. ಆದರೆ ಒಬ್ಬರಿಗಾದರೂ ಬೆಕ್ಕಿನ ತಂಗಿ ಕಣ್ಣಿಗೆ ಬಿದ್ದಿಲ್ಲವಲ್ಲ ಎಂದು ಹಿತ್ತಲಿನ ಕಲ್ಲಿನ ಮೇಲೆ ಕೂತ ನನಗೆ ದಂಗುಬಡಿದಂತಾಯಿತು. ಹೆರದೆ, ಹಾಲೂಡದೆ, ಸುಮ್ಮನೆ ಬಂದು ಕತ್ತು ಹಿಡಿದು ಗೋಡೆ ದಾಟಿಸುವವಳಿಗೆ ನಮ್ಮ ಶಾಸ್ತ್ರದಲ್ಲಿ ಒಂದು ಹೆಸರೇ ಇಲ್ಲ. ಚಾಮರಾಜಪೇಟೆಯ ಆ ಓಣಿಯವರ ಹತ್ತಿರ ಇತ್ತು. ಜ್ಞಾನತಾಯಿ.

ಇದನ್ನು ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ನಮ್ಮ ಯಜಮಾನರು ಪುಸ್ತಕದ ಹುಳು. ವಾರದೊಳಗೆ ಲೈಬ್ರರಿಯಿಂದ ಏನೋ ಓದಿಕೊಂಡು ಬಂದು, ಆನೆಯ ಹಿಂಡಿನಲ್ಲಿ ಚಿಕ್ಕಮ್ಮಂದಿರೇ ಮರಿಗಳನ್ನು ನೋಡಿಕೊಳ್ಳುತ್ತಾರಂತೆ ಎಂದು ಇನ್ನೊಂದು ರಾತ್ರಿಯ ಊಟದಲ್ಲಿ ವರದಿ ಒಪ್ಪಿಸಿದರು. "ಹಾಗಾದ್ರೆ ಆನೆ ಯಾವ ಮತದ್ದಮ್ಮ?" ಎಂದು ಅವರ ತಾಯಿಯನ್ನು ಕೆಣಕಿದರು. ಅತ್ತೆಗೆ ಆನೆಯ ಮಾತು ತಾಗಲಿಲ್ಲ, ಬೆಕ್ಕಿನ ಮಾತು ತಾಗಿತ್ತು. ತೆಂಗಲೆಯವರ ಪ್ರಾಣಿ ಇಷ್ಟು ದೊಡ್ಡ ಹೆಸರು ತೆಗೆದುಕೊಂಡರೆ ವಡಗಲೆಯವರು ಸುಮ್ಮನಿರುವುದುಂಟೇ?

"ಬೆಕ್ಕೇನು ಮಹಾ? ಮೇಲುಕೋಟೇಲಿ ನಾನು ಕಣ್ಣಾರೆ ನೋಡಿದೀನಿ. ಒಂದ್ರ ಮರೀನ ಇನ್ನೊಂದು ಕೋತಿ ಎತ್ಕೊಂಡು ಓಡಾಡ್ತಿರುತ್ತೆ. ತಾಯಿ ಆರಾಮಾಗಿ ಕೂತು ಕಡ್ಲೆಕಾಯಿ ತಿಂತಿರುತ್ತೆ."

ಹಾಗೆಂದವರು ಬಡಿಸುವುದನ್ನು ಬಿಟ್ಟು ಒಳಗೆ ಹೋದರು. ಬೀರು ತೆಗೆದ ಸದ್ದಾಯಿತು. ಬಂದಾಗ ಕೈಯಲ್ಲಿ ಒಂದು ಬೆಳ್ಳಿಯ ಒಳಲೆ. ನಮ್ಮ ಯಜಮಾನರು ಕೂಸಾಗಿದ್ದಾಗ ಅವರಿಗೆ ಹಾಲು ಕುಡಿಸಿದ ಒಳಲೆ ಅದು. ನನ್ನ ಮಗುವಿಗೆಂದು ಹುಣಿಸೆಹಣ್ಣು ಹಾಕಿ ತಿಕ್ಕಿ, ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ನಾನು ಆ ಮನೆಗೆ ಬಂದ ವರ್ಷದಿಂದ ಇಟ್ಟುಕೊಂಡಿದ್ದರು. ಅದನ್ನು ನಾನು ನೋಡಿದ್ದೆ, ಆ ಬೀರು ತೆಗೆದಾಗಲೆಲ್ಲ ನೋಡದಂತೆ ಇದ್ದೆ.

"ಬರಿಗೈಲಿ ಹೋಗ್ಬೇಡ. ಇದನ್ನ ಕೊಡು ಆ ಮಗೂಗೆ" ಎಂದರು.

ನಾನು ಎಡಗೈಯಲ್ಲಿ ಸೆರಗೊಡ್ಡಿ ಇಸಿದುಕೊಂಡೆ. ಅತ್ತೆಯವರ ಬಗ್ಗೆ ನಾನು ಅಷ್ಟು ವರ್ಷ ತಿಳಿದುಕೊಂಡದ್ದೆಲ್ಲ ಒಂದೇ ಏಟಿಗೆ ತಲೆಕೆಳಗಾದರೆ ಗಾಬರಿಯಾಗದೆ ಇರುತ್ತದೆಯೇ? ನಮ್ಮ ಯಜಮಾನರು ಕಾರಣವಿಲ್ಲದೆ ಕೆಮ್ಮಿದರು. ಅತ್ತೆ ಮಾತ್ರ, "ಮಜ್ಜಿಗೆ ಹಾಕ್ಕೊ, ಅನ್ನ ಆರ್ತಿದೆ" ಎಂದು ಮತ್ತೆ ಬಡಿಸಲು ನಿಂತರು.

ಹೀಗೆ ಮನೆಯೆಲ್ಲ ಒಪ್ಪಿ, ನಾನೂ ಒಪ್ಪಿ, ಯಾವ ಸೀರೆ ಉಡುವುದೆಂದೂ ತೀರ್ಮಾನವಾದ ಮೇಲೆ ಫಿಲೋಮಿನಾ ನನ್ನನ್ನು ಚರ್ಚಿನ ಫಾದರ್ ಹತ್ತಿರ ಕರೆದುಕೊಂಡು ಹೋದಳು. ವಯಸ್ಸಾದವರು, ಮಾತು ಮೃದು. ನನಗೆ ಕುರ್ಚಿ ಕೊಟ್ಟು, ನೀರು ತರಿಸಿಕೊಟ್ಟು, ಆಗುವುದಿಲ್ಲ ಎಂದರು.

"ತಪ್ಪು ತಿಳ್ಕೋಬೇಡೀಮ್ಮ. ಜ್ಞಾನಸ್ನಾನ ಪಡೆದವರು ಮಾತ್ರ ಆ ಸ್ಥಾನದಲ್ಲಿ ನಿಲ್ಬಹುದು. ನಿಯಮ ಇರೋದೇ ಹಾಗೆ."

ಮನುಷ್ಯನ ಮನಸ್ಸು ವಿಚಿತ್ರ. ಬೇಡವಪ್ಪ ಬೇಡ ಎಂದು ಓಡಿಹೋಗಲು ನೋಡಿದವಳು ನಾನೇ. ಈಗ ಇವರು ಬೇಡ ಅಂದ ತಕ್ಷಣ ಮೈಯೆಲ್ಲ ಉರಿಯಿತು. ಅಲ್ಲಾ, ನಮ್ಮತ್ತೆ ಒಪ್ಪಿದ ಮೇಲೆ ಬೇಡ ಅನ್ನಲು ಇವರು ಯಾರು? ಇಲ್ಲೂ ನನ್ನನ್ನು ಡಿಕಾಕ್ಷನ್ ನೋಡಲು ಕಳಿಸುತ್ತಿದ್ದಾರೆ ಎಂದು ಒಳಗೆ ಕುದಿಯಿತು. ಆ ಕುದಿಯಲ್ಲಿ ನನ್ನ ಬಾಯಿಂದ ಬಂದ ಮಾತಿಗೆ ನಾನೇ ಬೆಚ್ಚಿದೆ.

"ಫಾದರ್, ನಿಮಗೆ ಎಷ್ಟು ಜನ ಮಕ್ಕಳು?"

ಫಿಲೋಮಿನಾ ನನ್ನ ಮೊಣಕೈ ಚಿವುಟಿದಳು. ಫಾದರ್ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಈ ಪೇಟೇಲಿ ಯಾರನ್ನ ಬೇಕಾದ್ರೂ ಕೇಳಿ, ಫಾದರ್ ಅಂತಾನೇ ಕರೀತಾರೆ" ಎಂದರು ನಿಧಾನವಾಗಿ.

"ನೀವು ಹೆತ್ತಿದೀರಾ ಅಂತ ಯಾರೂ ಕೇಳಲ್ಲ ಅಲ್ವಾ?"

ನಿಜಕ್ಕೂ ಅವರ ಮತದ ಸೊಗಸು ನನಗೆ ಹೊಳೆದದ್ದು ಆ ಗಳಿಗೆಯಲ್ಲೇ. ಫಾದರ್, ಮದರ್, ಬ್ರದರ್, ಸಿಸ್ಟರ್, ಒಂದು ಮನೆಯ ನಂಟೆಲ್ಲ ಅಲ್ಲಿದೆ. ಆ ಹೆಸರು ಹೊತ್ತ ಒಬ್ಬರಿಗೂ ಮಕ್ಕಳಿಲ್ಲ, ಮರಿಯಿಲ್ಲ. ಆದರೂ ಯಾರೂ ಅವರನ್ನು ತೊಟ್ಟಿಲ ಹತ್ತಿರ ಬರಬೇಡಿ ಅನ್ನುವುದಿಲ್ಲ. ಅವರಿಲ್ಲದೆ ಮಗುವಿಗೆ ಹೆಸರೇ ಇಲ್ಲ. ಈ ಧೈರ್ಯದ ಮೇಲೆ ನಾನು ಅವರಿಗೆ ಕಪ್ಪಿಯ ಕಥೆ, ಬೂದಿಯ ಕಥೆ, ಗಡವ ಬಂದದ್ದು, ಗೋಡೆ ದಾಟಿದ್ದು, ತೆಂಗಲೆ ವಡಗಲೆ, ಮೇಲುಕೋಟೆಯ ಕೋತಿ, ಒಂದೂ ಬಿಡದೆ ಹೇಳಿದೆ. ಫಿಲೋಮಿನಾ ತಲೆ ತಗ್ಗಿಸಿ ಕೂತಿದ್ದಳು. ಗಾಬರಿ ಬೀಳುವ ಸರದಿ ಈಗ ಅವಳದು.

ಫಾದರ್ ಎಲ್ಲವನ್ನೂ ಕೇಳಿದರು. "ನಿಯಮ ಬದಲಾಯಿಸೋದು ನನ್ನ ಕೈಲಿಲ್ಲಮ್ಮ" ಎಂದರು. "ಫಿಲೋಮಿನಾ ಅಕ್ಕ ತೆರೆಸಾ ಆ ಸ್ಥಾನದಲ್ಲಿ ನಿಲ್ಲಲಿ, ಅವರ ಹೆಸರು ಬರ್ಕೋತೀವಿ. ನೀವು ಪಕ್ಕದಲ್ಲಿ ನಿಂತ್ಕೊಳ್ಳಿ. ಅದಕ್ಕೆ ಯಾರ ಅಡ್ಡೀನೂ ಇಲ್ಲ. ಮಗು ಅತ್ರೆ ಯಾರು ಎತ್ಕೋಬೇಕು ಅಂತ ಯಾವ ನಿಯಮದಲ್ಲೂ ಹೇಳಿಲ್ಲ."

ಜ್ಞಾನಸ್ನಾನದ ದಿನ ಕಾಂಜೀವರಂ ಸೀರೆ ಉಟ್ಟು, ಒಳಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ನಿಂತೆ. ಬಿನ್ನಿಪೇಟೆಯಿಂದ ಬಂದ ತೆರೆಸಾ ಮಗುವನ್ನು ಎತ್ತಿಕೊಂಡಿದ್ದರು. ಫಾದರ್ ನೆತ್ತಿಯ ಮೇಲೆ ನೀರು ಹೊಯ್ದು ಆಗ್ನೆಸ್ ಎಂದು ಹೆಸರಿಟ್ಟರು. ಮಗು ಚರ್ಚಿನ ಸೂರು ಹಾರಿಹೋಗುವಂತೆ ಕಿರುಚಿತು. ಫಾದರ್ ಒಂದು ಸಲ ನನ್ನ ಕಡೆ ನೋಡಿದರು. ತೆರೆಸಾ ಮಗುವನ್ನು ನನ್ನ ಕೈಗೆ ಹಾಕಿದರು. ನನ್ನ ಕೈಗೆ ಬಂದ ಕೂಡಲೇ ಮಗು ಸುಮ್ಮನಾಯಿತು ಎಂದು ಬರೆಯಲು ನನಗೂ ಆಸೆ. ಸುಮ್ಮನಾಗಲಿಲ್ಲ. ಇನ್ನೂ ಜೋರಾಗಿ ಅತ್ತು ಕಾಂಜೀವರಂ ಒದ್ದೆ ಮಾಡಿತು. ಒಂದು ಎಳೆಗೂಸು ನನ್ನ ಎದೆಗೆ ಒರಗಿ ಅತ್ತದ್ದು ಅದೇ ಮೊದಲು, ಆ ಬೆಚ್ಚಗಿನ ಭಾರ ಎಂಥದೆಂದು ನನಗೆ ಗೊತ್ತೇ ಇರಲಿಲ್ಲ. ಊಟದ ಹೊತ್ತಿಗೆ ಅವರ ಕಡೆಯ ಮುದುಕಿಯೊಬ್ಬರು ಬಂದು, "ನೀವು ಮಗೂಗೆ ಏನಾಗ್ಬೇಕು?" ಎಂದು ಕೇಳಿದರು. ಏನೆನ್ನಲಿ? ಹೆಸರು ತೆರೆಸಾದು, ಒದ್ದೆ ಸೀರೆ ನನ್ನದು. "ಅವರ ಆಫೀಸಿನವಳು" ಅಂದೆ. ಅಂದಮೇಲೆ ಆ ಮಾತು ನನಗೇ ಚುಚ್ಚಿತು.

ಆಗ್ನೆಸ್ ಬೆಳೆದಳು. ಮಾತು ಬಂದಾಗ ಜ್ಞಾನತಾಯಿ ಎಂಬಷ್ಟು ಉದ್ದಕ್ಕೆ ನಾಲಿಗೆ ಹೊರಳದೆ ನನ್ನನ್ನು ಜ್ಞಾನಮ್ಮ ಎಂದಳು. ನಮ್ಮ ಬೀದಿಯಲ್ಲಿ ಕೆಲವರು ಅದೇ ನನ್ನ ಹೆಸರು ಎಂದುಕೊಂಡರು. ರಜೆಯಲ್ಲಿ ನಮ್ಮ ಮನೆಗೆ ಬಂದರೆ ಅತ್ತೆಯ ಕೋಲಿನಿಂದ ಮಡಿಸೀರೆ ಎಳೆದುಹಾಕುವಳು, ಅತ್ತೆ ಬೈಯುತ್ತಲೇ ಕೊಬ್ಬರಿ ಮಿಠಾಯಿ ಕೊಡುವರು. ನಾನೋ ಜ್ಞಾನತಾಯಿಯ ಕರ್ತವ್ಯವನ್ನು ಬಲು ಗಂಭೀರವಾಗಿ ತೆಗೆದುಕೊಂಡಿದ್ದೆ. ಮಗುವಿನ ಧರ್ಮ ನೋಡಿಕೊಳ್ಳಬೇಕಲ್ಲ. "ಭಾನುವಾರ ಚರ್ಚ್ ತಪ್ಪಿಸಿದ್ಯಂತೆ, ಯಾಕೆ?" ಎಂದು ಹಣೆಗೆ ಶ್ರೀಚೂರ್ಣ ಇಟ್ಟುಕೊಂಡೇ ಗದರುತ್ತಿದ್ದೆ. ನಮ್ಮ ಯಜಮಾನರು ಪೇಪರಿನ ಹಿಂದೆ ನಗುತ್ತಿದ್ದರು. ಆದರೂ ಒಂದು ಅಳುಕು ಒಳಗೆ ಇದ್ದೇ ಇತ್ತು. ಇದೆಲ್ಲ ನಾನಾಗಿ ಹಾಕಿಕೊಂಡ ವೇಷ, ನಿಜವಾಗಿ ಬೇಕಾದ ಹೊತ್ತಿಗೆ ಈ ಹುಡುಗಿಗೆ ನಾನು ಏನು, ಅವಳ ತಾಯಿಗೆ ನಾನು ಏನು ಎಂಬುದು ಯಾರಿಗೆ ಗೊತ್ತು?

ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಬೆಲ್ಲು ಬಡಿಯಿತು. ಬಾಗಿಲು ತೆಗೆದರೆ ಆಗ್ನೆಸ್. ಸ್ಕೂಲ್ ಯೂನಿಫಾರಂ, ಬೆನ್ನಿಗೆ ಬ್ಯಾಗು, ಕೆಂಪಗೆ ಊದಿದ ಮುಖ. ಜೊತೆಗೆ ಯಾರೂ ಇಲ್ಲ.

"ಒಬ್ಳೇ ಬಂದ್ಯಾ? ಅಷ್ಟು ದೂರ? ಬಸ್ಸಲ್ಲಿ?" ಎಂದು ಅವಳ ಹಿಂದಿನ ಬೀದಿಯಲ್ಲೆಲ್ಲ ಕಣ್ಣಾಡಿಸಿದೆ.

"ನಾನು ಮನೆ ಬಿಟ್ಟು ಬಂದಿದೀನಿ. ಅಮ್ಮ ಸ್ಕೂಲ್ ಟ್ರಿಪ್‌ಗೆ ಕಳ್ಸಲ್ಲ ಅಂದ್ರು. ಇನ್ಮೇಲೆ ಇಲ್ಲೇ ಇರ್ತೀನಿ."

ಸರಿಯಾಗಿ ಬೈದೆ. ಬೆಂಗಳೂರು ಮೊದಲಿನ ಹಾಗಿಲ್ಲ, ಏನಾದರೂ ಆಗಿದ್ದರೆ, ತಾಯಿಯ ಗತಿ ಏನು, ಇತ್ಯಾದಿ. ಅವಳು ಎಲ್ಲ ಕೇಳಿಸಿಕೊಂಡು, ಬ್ಯಾಗು ಕೆಳಗೆ ಎಸೆದು ಅಂದಳು: "ನೀವೇನು ನಂಗೆ ನಿಜವಾದ ಜ್ಞಾನತಾಯಿ ಅಲ್ಲ. ಚರ್ಚಲ್ಲಿ ತೆರೆಸಾ ಆಂಟಿ ಹೆಸರೇ ಇರೋದು. ಅಮ್ಮಾನೇ ಹೇಳಿದಾರೆ."

ಇಷ್ಟು ವರ್ಷ ನನಗೆ ನಾನೇ ಹೇಳಿಕೊಳ್ಳಲು ಹೆದರಿದ ಮಾತನ್ನು ಆ ಹುಡುಗಿ ಜಗುಲಿಯಲ್ಲಿ ನಿಂತು ಒಂದೇ ಉಸಿರಿಗೆ ಆಡಿ ಮುಗಿಸಿದ್ದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

"ಹಾಗಾದ್ರೆ ತೆರೆಸಾ ಆಂಟಿ ಮನೆಗೆ ಹೋಗೋದಲ್ವಾ? ಬಿನ್ನಿಪೇಟೆ ಹತ್ರಾನೂ ಆಗುತ್ತೆ" ಎಂದೆ, ಅವಳ ಬ್ಯಾಗು ಎತ್ತಿಕೊಳ್ಳುತ್ತ.

ಅವಳು ನನ್ನನ್ನು ದಡ್ಡಿಯೆಂಬಂತೆ ನೋಡಿದಳು. "ಅಲ್ಲಿಗೆ ಹೋದ್ರೆ ನೆಂಟರ ಮನೆಗೆ ಹೋದ ಹಾಗ್ ಆಗುತ್ತೆ" ಎಂದು ಒಳಗೆ ನಡೆದು, ಸೋಫಾದ ಮೇಲೆ ಕಾಲು ಮಡಿಸಿ ಕೂತಳು.

ನಾನು ಫೋನಿನ ಹತ್ತಿರ ಓಡಿದೆ. ಚಾಮರಾಜಪೇಟೆಯಲ್ಲಿ ಈಗ ಗೋಳಾಟವಾಗಿರುತ್ತದೆ, ಫಿಲೋಮಿನಾ ಬೀದಿ ಬೀದಿ ಹುಡುಕುತ್ತಿರುತ್ತಾಳೆ, ಅವಳ ಗಂಡ ಪೊಲೀಸ್ ಸ್ಟೇಷನ್‌ಗೆ ಹೋಗಿರುತ್ತಾನೆ ಎಂದೆಲ್ಲ ಎಣಿಸುತ್ತ, ಎರಡು ಸಲ ತಪ್ಪು ನಂಬರು ಒತ್ತಿದೆ. ಮೂರನೆಯ ಸಲ ಫಿಲೋಮಿನಾಳೇ ಎತ್ತಿದಳು.

"ಅವಳ ಸ್ನೇಹಿತೆ ಹೇಳಿದ್ಲು, ಮಲ್ಲೇಶ್ವರದ ಬಸ್ ಹತ್ತಿದ್ಲು ಅಂತ. ಬಂದ್ಲಾ?"

"ಬಂದಿದಾಳೆ ಕಣೇ, ಸೋಫಾ ಮೇಲೆ ಕೂತಿದಾಳೆ. ನೀನು ಹೆದರ್ಕೋಬೇಡ, ನಾನೀಗ್ಲೇ ಆಟೋ ಮಾಡ್ಕೊಂಡು ಕರ್ಕೊಂಡು ಬರ್ತೀನಿ."

"ಯಾಕೆ? ಇರ್ಲಿ ಅಲ್ಲೇ. ಬೆಳಿಗ್ಗೆ ಅಲ್ಲಿಂದಾನೇ ಸ್ಕೂಲಿಗೆ ಕಳ್ಸು. ತಲೆ ಒಣಗಿ ನಾರಾಗಿದೆ, ಎಣ್ಣೆ ಹಚ್ಚು. ನನ್ನ ಕೈಗೆ ಸಿಗಲ್ಲ ಅವಳು. ಒಲೆ ಮೇಲೆ ಸಾರಿದೆ, ಇಡ್ಲಾ?"

ಇಟ್ಟೇಬಿಟ್ಟಳು. ನಾನು ರಿಸೀವರು ಹಿಡಿದುಕೊಂಡು ಅದರ ಕೊಯ್ಯೆನ್ನುವ ಸದ್ದು ಕೇಳುತ್ತ ನಿಂತಿದ್ದೆ. ಎಷ್ಟೋ ವರ್ಷ ಕಾದು, ಹಾಸಿಗೆಯ ಮೇಲೆ ತಿಂಗಳುಗಟ್ಟಲೆ ಮಲಗಿ, ಜೀವ ಕೈಯಲ್ಲಿ ಹಿಡಿದು ಹೆತ್ತ ಒಬ್ಬಳೇ ಮಗಳು. ಆ ಮಗಳು ಮನೆ ಬಿಟ್ಟು ಹೋಗಿದ್ದಾಳೆ. ಇವಳು ಸಾರು ನೋಡಲು ಹೋದಳು. ನನ್ನ ಹತ್ತಿರ ಇದ್ದಾಳೆ ಎಂದು ಗೊತ್ತಾದದ್ದೇ, ಸಾರು ನೋಡಲು ಹೋದಳು.

"ಅಮ್ಮ ಅತ್ರಾ?" ಸೋಫಾದಿಂದ ದನಿ ಬಂತು.

"ಇಲ್ಲ."

"ಗಾಬರಿ ಆದ್ರಾ?"

"ಇಲ್ವಲ್ಲ."

"ಮತ್ತೆ ಏನಂದ್ರು?"

"ತಲೆಗೆ ಎಣ್ಣೆ ಹಚ್ಚು ಅಂದ್ರು."

ಆಗ್ನೆಸ್ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದಳು. ಮನೆ ಬಿಟ್ಟು ಬಂದವಳಿಗೆ ಅದಕ್ಕಿಂತ ಹೆಚ್ಚಿನ ಅವಮಾನ ಉಂಟೇ? ನನಗೆ ಅದಕ್ಕಿಂತ ಹೆಚ್ಚಿನ ಮರ್ಯಾದೆ ಯಾರೂ ಕೊಟ್ಟಿರಲಿಲ್ಲ. "ಅಷ್ಟೇನಾ?" ಎಂದು ಅವಳು ಅಳುವುದಕ್ಕೆ ಶುರುಮಾಡಿದಳು. ನನ್ನ ಕಣ್ಣಲ್ಲೂ ನೀರು. ಅದು ಅವಳಿಗೆ ಕಾಣದಂತೆ, ಎಣ್ಣೆ ಬೆಚ್ಚಗೆ ಮಾಡಿ ತಂದು ಹಿಂದೆ ಕೂತು, ಅವಳ ಜಡೆ ಬಿಚ್ಚಿದೆ.

"ಅಲ್ಲಾಡ್ಬೇಡ" ಅಂದೆ. ಅಲ್ಲಾಡದೆ ಕೂತಳು.